ಅಲ್-ಖ್ವಾರಿಜ್ಮಿ: ರೂಪ ಬದಲಿಸಿದರು, ಬೆಲೆ ಬದಲಿಸಲಿಲ್ಲ



ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆಯಲು ನಮ್ಮ ಗಣಿತ ಮೇಡಂ ಹೇಳಿದಾಗ ನಾನು ತಡಮಾಡದೆ ಅಲ್-ಖ್ವಾರಿಜ್ಮಿ ಅವರ ಹೆಸರು ಹೇಳಿದೆ. ಬೀಜಗಣಿತದ ಪಿತಾಮಹ ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ರಸಪ್ರಶ್ನೆ ಸ್ಪರ್ಧೆಗಳಿಗಾಗಿ ನಾವೆಲ್ಲ ಬಾಯಿಪಾಠ ಮಾಡಿದ ಹೆಸರು ಅದು. ಆದರೆ ಅವರು ನಿಜವಾಗಿ ಮಾಡಿದ್ದೇನು ಎಂಬುದು ನನಗೆ ಅರ್ಥವಾದದ್ದು ತರಗತಿಯಲ್ಲಿ ಅಲ್ಲ. ತಮ್ಮನ ಗೇಮ್ ಒಂದನ್ನು ಹಾಳು ಮಾಡಿದ ಮೇಲೆ. ಆದ್ದರಿಂದ ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಮನೆ ಹುಮನಾಬಾದಿನಲ್ಲಿ. ದಿನಾ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಬಂದು ಹೋಗುತ್ತೇನೆ. ಕಳೆದ ವರ್ಷ ತಮ್ಮ ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡ. ಪ್ಲಾಸ್ಟರ್ ಹಾಕಿಸಿಕೊಂಡು ಒಂದೂವರೆ ತಿಂಗಳು ಮನೆಯಲ್ಲೇ ಕುಳಿತ. ಹೊತ್ತು ಹೋಗಲೆಂದು ಅಬ್ಬಾ ತಂದ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಹೊಲದ ಗೇಮ್ ಶುರು ಮಾಡಿದ. ಎಡಗೈಯೊಂದರಲ್ಲೇ ಬೀಜ ಬಿತ್ತಿದ, ಬಾವಿ ತೋಡಿದ, ಕೊಟ್ಟಿಗೆ ಕಟ್ಟಿದ, ಆರು ಹಸು ಕೊಂಡು ಒಂದೊಂದಕ್ಕೂ ಹೆಸರಿಟ್ಟ.

ಇಂಥ ಗೇಮ್‌ಗಳು ಆಟದ ಸ್ಥಿತಿಯನ್ನು ಒಂದು ಸೇವ್ ಫೈಲಿನಲ್ಲಿ ಬರೆದಿಡುತ್ತವೆ. ಆ ಫೈಲು ಬರೀ ಸಂಖ್ಯೆಗಳ ಸಾಲು. ಪ್ರತಿ ಬೈಟಿನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ತಮ್ಮನ ಬಳಿ 10,000 ನಾಣ್ಯ ಇದ್ದ ದಿನ ಫೈಲಿನಲ್ಲಿ 16, 39, 0, 0 ಎಂಬ ನಾಲ್ಕು ಬೈಟುಗಳು ಕಂಡವು. ಮೊದಲನೆಯದು ಬಿಡಿ, ಎರಡನೆಯದಕ್ಕೆ 256ರ ಬೆಲೆ. 39ನ್ನು 256ರಿಂದ ಗುಣಿಸಿ 16 ಕೂಡಿದರೆ ಸರಿಯಾಗಿ 10,000. ಇದನ್ನು ಕಂಡುಹಿಡಿದ ಖುಷಿಯಲ್ಲಿ ನಾನು ಪೈಥಾನಿನಲ್ಲಿ ಒಂದು ಸೇವ್ ಎಡಿಟರ್ ಬರೆದೆ. ತಮ್ಮ ಒಬ್ಬನೇ ಆಡುವ ಗೇಮ್ ಆದ್ದರಿಂದ ನಾಲ್ಕು ನಾಣ್ಯ ಹೆಚ್ಚಿಸಿಕೊಂಡರೆ ಯಾರಿಗೂ ಮೋಸವಾಗುತ್ತಿರಲಿಲ್ಲ.

ಎಡಿಟರ್ ಕೆಲಸ ಮಾಡುತ್ತಿತ್ತು, ಆದರೆ ಕೋಡ್ ನೋಡಿದರೆ ನನಗೇ ನಾಚಿಕೆ. ನಾಣ್ಯಕ್ಕೆ ಬರೆದ ಸಾಲುಗಳನ್ನೇ ಬೀಜಕ್ಕೆ, ಗೊಬ್ಬರಕ್ಕೆ, ದಿನದ ಲೆಕ್ಕಕ್ಕೆ ಎಂದು 11 ಕಡೆ ಅಂಟಿಸಿದ್ದೆ. ಒಂದು ಸಂಜೆ ಕುಳಿತು ಎಲ್ಲವನ್ನೂ ತೆಗೆದು ನಾಲ್ಕು ಬೈಟು ಓದುವ, ನಾಲ್ಕು ಬೈಟು ಬರೆಯುವ ಒಂದೇ ಫಂಕ್ಷನ್ ಮಾಡಿದೆ. ಚೊಕ್ಕವಾಗಿ ಕಂಡಿತು. ಪರೀಕ್ಷೆ ಮಾಡಲು ದಿನದ ಲೆಕ್ಕವನ್ನು 90 ಮಾಡಿ, ನಕಲು ಕೂಡ ಇಟ್ಟುಕೊಳ್ಳದೆ ಅದೇ ಫೈಲಿನ ಮೇಲೆ ಬರೆದುಬಿಟ್ಟೆ.

ದಿನದ ಲೆಕ್ಕಕ್ಕೆ ಇದ್ದದ್ದು ಎರಡೇ ಬೈಟು. ನನ್ನ ಹಳೆಯ ಕೊಳಕು ಕೋಡಿಗೆ ಅದು ಗೊತ್ತಿತ್ತು, ಹೊಸ ಚೊಕ್ಕ ಕೋಡಿಗೆ ಗೊತ್ತಿರಲಿಲ್ಲ. ಅದು 90, 0, 0, 0 ಎಂದು ಬರೆಯಿತು. ಪಕ್ಕದ ಎರಡು ಬೈಟುಗಳಲ್ಲಿ ಇದ್ದದ್ದು ಬಾವಿ ಮತ್ತು ಕೊಟ್ಟಿಗೆಯ ಮಟ್ಟ. ಎರಡೂ ಸೊನ್ನೆಯಾದವು. ಫೈಲು ಕೆಟ್ಟಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್ ಸಂಖ್ಯೆಯನ್ನೂ ನನ್ನ ಪ್ರೋಗ್ರಾಂ ಹೊಸದಾಗಿ ಲೆಕ್ಕ ಹಾಕಿ ಬರೆದದ್ದರಿಂದ ಗೇಮ್ ಯಾವ ತಕರಾರೂ ಇಲ್ಲದೆ ತೆರೆಯಿತು. ಕೊಟ್ಟಿಗೆ ಇಲ್ಲದ ಹೊಲದಲ್ಲಿ ಹಸುಗಳನ್ನು ಅದು ಉಳಿಸಲಿಲ್ಲ. ತಮ್ಮ ಅಳಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಕಂಪ್ಯೂಟರ್ ಸೈನ್ಸ್ ಸರ್‌ಗೆ ಎಲ್ಲ ತೋರಿಸಿದೆ. ಕೋಡನ್ನು ಹೀಗೆ ಶುಚಿ ಮಾಡುವ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ, ಅದರಲ್ಲಿ ಒಳಗಿನ ಜೋಡಣೆ ಮಾತ್ರ ಬದಲಾಗಬೇಕು, ಹೊರಗೆ ಬರುವ ಫಲ ಒಂದಿಷ್ಟೂ ಬದಲಾಗಬಾರದು, ನಾನು ಮಾಡಿದ್ದು ಅದಲ್ಲವೇ ಅಲ್ಲ ಎಂದು ಅವರು ತಿಳಿಸಿದರು. ಪಕ್ಕದ ಕುರ್ಚಿಯಲ್ಲಿದ್ದ ಗಣಿತ ಮೇಡಂ ನಕ್ಕು, ಈ ನಿಯಮಕ್ಕೆ 1,200 ವರ್ಷ ವಯಸ್ಸಾಗಿದೆ, ಅಲ್-ಜಬ್ರ್ ಎಂಬ ಪದದ ಅರ್ಥ ನೋಡಿಕೊಂಡು ಬಾ ಎಂದರು. ಹೀಗೆ ನಾನು ಅಲ್-ಖ್ವಾರಿಜ್ಮಿ ಅವರ ಬಗ್ಗೆ ಓದಲು ಕುಳಿತೆ.

ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ ಅವರು ಸುಮಾರು 780ರಲ್ಲಿ ಹುಟ್ಟಿದರು. ನಮ್ಮ ಕಡೆ ಹೆಸರಿನ ಕೊನೆಗೆ ಬೀದರಿ ಎಂದು ಸೇರಿಸಿಕೊಳ್ಳುವಂತೆ ಅವರ ಹೆಸರಿನ ಕೊನೆಯಲ್ಲೂ ನಾಡಿನ ಹೆಸರಿದೆ. ಖ್ವಾರಿಜ್ಮ್ ಎಂಬುದು ಅರಲ್ ಸಮುದ್ರದ ದಕ್ಷಿಣಕ್ಕೆ, ಅಮು ದರ್ಯಾ ನದಿಯ ಕೆಳದಂಡೆಯ ಸೀಮೆ. ಇಂದು ಅದು ಉಜ್ಬೇಕಿಸ್ತಾನ ಮತ್ತು ತುರ್ಕ್‌ಮೆನಿಸ್ತಾನಗಳ ನಡುವೆ ಹಂಚಿಹೋಗಿದೆ. ಅವರು ಬಾಳಿ ದುಡಿದ ಊರು ಮಾತ್ರ ಬಾಗ್ದಾದ್.

ಬಾಗ್ದಾದ್ ಆಗ ಹೊಸ ಪಟ್ಟಣ. ಖಲೀಫ ಅಲ್-ಮನ್ಸೂರ್ ಅದನ್ನು ಕಟ್ಟಿಸಲು ಶುರು ಮಾಡಿದ್ದು 762ರಲ್ಲಿ. 813ರಿಂದ 833ರವರೆಗೆ ಆಳಿದ ಖಲೀಫ ಅಲ್-ಮಾಮೂನ್ ವಿದ್ಯೆಯ ಮೇಲೆ ಬಹಳ ಪ್ರೀತಿಯುಳ್ಳವರು. ಅಲ್ಲಿನ ಬೈತುಲ್ ಹಿಕ್ಮಾದಲ್ಲಿ, ಅಂದರೆ ಜ್ಞಾನದ ಮನೆಯಲ್ಲಿ, ಗ್ರೀಕ್ ಮತ್ತು ಪಹ್ಲವಿ ಗ್ರಂಥಗಳು ಅರಬ್ಬಿಗೆ ಬರುತ್ತಿದ್ದವು. ಸಂಸ್ಕೃತದ ಜ್ಯೋತಿಷ್ಯ ಗಣಿತ ಅಲ್-ಮನ್ಸೂರ್ ಕಾಲದಲ್ಲೇ ಅಲ್ಲಿಗೆ ಬಂದಿತ್ತು. ತತ್ವಜ್ಞಾನಿ ಅಲ್-ಕಿಂದಿ, ಯಂತ್ರಗಳ ಬಗ್ಗೆ ಬರೆದ ಬನೂ ಮೂಸಾ ಎಂಬ ಮೂವರು ಸಹೋದರರು, ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಂದ ಕ್ರೈಸ್ತ ವಿದ್ವಾಂಸ ಹುನೈನ್ ಇಬ್ನ್ ಇಸ್‌ಹಾಕ್ ಇವರೆಲ್ಲ ಅದೇ ಶತಮಾನದ ಬಾಗ್ದಾದಿನವರು. ಈ ನಡುವೆ ಕುಳಿತು ಅಲ್-ಖ್ವಾರಿಜ್ಮಿ ಅವರು ಗಣಿತ, ಖಗೋಳ, ಭೂಗೋಳ ಮೂರರಲ್ಲೂ ಕೆಲಸ ಮಾಡಿದರು.

ಅವರಿಗೆ ಹೆಸರು ತಂದ ಪುಸ್ತಕ ಸುಮಾರು 820ರದ್ದು. ಅದನ್ನು ಖಲೀಫ ಅಲ್-ಮಾಮೂನ್ ಅವರಿಗೆ ಅರ್ಪಿಸಿದ್ದಾರೆ. ಅದರ ಹೆಸರಿನಲ್ಲಿ ಅಲ್-ಜಬ್ರ್ ಮತ್ತು ಅಲ್-ಮುಕಾಬಲ ಎಂಬ ಎರಡು ಪದಗಳಿವೆ. ಮೊದಲನೆಯದರಿಂದಲೇ ಆಲ್ಜೀಬ್ರಾ ಎಂಬ ಮಾತು ಬಂತು. ಜಬ್ರ್ ಎಂದರೆ ಮುರಿದದ್ದನ್ನು ಸರಿಯಾಗಿ ಕೂಡಿಸುವುದು. ಮುರಿದ ಮೂಳೆ ಕೂಡಿಸುವುದಕ್ಕೂ ಅದೇ ಪದ. ಸ್ಪೇನ್ ದೇಶದಲ್ಲಿ ಮೂಳೆ ಕೂಡಿಸುವವನನ್ನು ಬಹುಕಾಲ ಅಲ್ಜೆಬ್ರಿಸ್ತಾ ಎಂದೇ ಕರೆಯುತ್ತಿದ್ದರಂತೆ. ತಮ್ಮನ ಪ್ಲಾಸ್ಟರ್ ನೆನಪಾಗಿ ಈ ಸಾಲು ಓದುವಾಗ ನಾನು ಸ್ವಲ್ಪ ನಿಂತೆ.

ಆ ಪುಸ್ತಕದಲ್ಲಿ ಇಂದಿನಂತೆ ಅಕ್ಷರ ಚಿಹ್ನೆಗಳಿಲ್ಲ. ಎಲ್ಲವೂ ಮಾತಿನಲ್ಲಿ. ಗೊತ್ತಿಲ್ಲದ ಸಂಖ್ಯೆಗೆ ಅವರು ಬೇರು ಎನ್ನುತ್ತಾರೆ, ಅದನ್ನು ಅದರಿಂದಲೇ ಗುಣಿಸಿದರೆ ವರ್ಗ. ಅವರ ಒಂದು ಲೆಕ್ಕ ಹೀಗಿದೆ. 40 ಬೇರುಗಳಿಂದ 4 ವರ್ಗಗಳನ್ನು ಕಳೆದರೆ ಉಳಿಯುವುದು 1 ವರ್ಗ. ಇಲ್ಲಿ ಕಳೆದ ಭಾಗ ಮುರಿದ ಮೂಳೆಯಿದ್ದಂತೆ. ಎರಡೂ ಕಡೆ 4 ವರ್ಗ ಕೂಡಿಸಿದರೆ 40 ಬೇರು ಇಡಿಯಾಗುತ್ತದೆ, ಎದುರಿಗೆ 5 ವರ್ಗ ನಿಲ್ಲುತ್ತದೆ. ಅಂದರೆ 1 ವರ್ಗಕ್ಕೆ 8 ಬೇರು ಸಮ, ಆದ್ದರಿಂದ ಬೇರು 8. ಇದು ಅಲ್-ಜಬ್ರ್.

ಇನ್ನೊಂದು ಲೆಕ್ಕದಲ್ಲಿ 50 ಮತ್ತು 1 ವರ್ಗ ಒಂದು ಕಡೆ, 29 ಮತ್ತು 10 ಬೇರು ಇನ್ನೊಂದು ಕಡೆ. ಎರಡೂ ಕಡೆ ಬಿಡಿ ಸಂಖ್ಯೆ ಇರುವುದು ಪುನರಾವರ್ತನೆ. ಎರಡೂ ಕಡೆಯಿಂದ 29 ತೆಗೆದರೆ 21 ಮತ್ತು 1 ವರ್ಗ 10 ಬೇರಿಗೆ ಸಮವಾಗುತ್ತದೆ. ಇದು ಅಲ್-ಮುಕಾಬಲ, ಎದುರುಬದುರು ಇಟ್ಟು ಸಮಾನವಾದದ್ದನ್ನು ಕಳೆಯುವುದು. ಉತ್ತರ 3 ಅಥವಾ 7. ಈ ಉತ್ತರಗಳನ್ನು ಶುಚಿ ಮಾಡುವ ಮೊದಲಿನ ಲೆಕ್ಕದಲ್ಲಿ ಹಾಕಿ ನೋಡಿ, ಅಲ್ಲೂ ತಾಳೆಯಾಗುತ್ತವೆ. 3 ಹಾಕಿದರೆ ಎರಡೂ ಕಡೆ 59, 7 ಹಾಕಿದರೆ ಎರಡೂ ಕಡೆ 99. ರೂಪ ಬದಲಾಗಿದೆ, ಬೆಲೆ ಬದಲಾಗಿಲ್ಲ. ಹತ್ತನೇ ತರಗತಿಯಲ್ಲಿ ನಾವು ಚಿಹ್ನೆ ಬದಲಿಸಿ ಆ ಕಡೆ ಹಾಕು ಎಂದು ಕಣ್ಣು ಮುಚ್ಚಿ ಮಾಡುತ್ತಿದ್ದದ್ದು ಇದನ್ನೇ.

ಈ ಎರಡು ಉಪಾಯಗಳಿಂದ ಅವರು ಒಂದು ದೊಡ್ಡ ಕೆಲಸ ಸಾಧಿಸಿದರು. ವರ್ಗ, ಬೇರು, ಬಿಡಿ ಸಂಖ್ಯೆ ಸೇರಿದ ಲೆಕ್ಕಗಳು ವ್ಯಾಪಾರಿಗೆ ಒಂದು ಬಗೆಯಲ್ಲಿ, ಹೊಲ ಅಳೆಯುವವನಿಗೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತಿದ್ದವು. ಅವುಗಳನ್ನೆಲ್ಲ ಆರೇ ಮಾದರಿಗಳಿಗೆ ಇಳಿಸಬಹುದು ಎಂದು ತೋರಿಸಿದರು. ಪ್ರತಿ ಮಾದರಿಗೂ ಒಂದೊಂದು ಬಿಡಿಸುವ ಕ್ರಮ ಕೊಟ್ಟರು. ಹನ್ನೊಂದು ಕಡೆ ಅಂಟಿಸಿದ ಕೋಡನ್ನು ಒಂದು ಕಡೆಗೆ ತರುವ ಕೆಲಸ ಇದೇ ಅಲ್ಲವೇ? ಆದರೆ ಅವರು ಆರನ್ನು ಬಲವಂತವಾಗಿ ಒಂದು ಮಾಡಲಿಲ್ಲ. ಋಣ ಸಂಖ್ಯೆಗಳನ್ನು ಬಳಸದ ಅವರ ಗಣಿತದಲ್ಲಿ ಆರೂ ನಿಜವಾಗಿಯೇ ಬೇರೆ ಬೇರೆ. ಇಂದು ನಾವು ಋಣ ಸಂಖ್ಯೆ ಬಳಸಿ ಎಲ್ಲವನ್ನೂ ಒಂದೇ ವರ್ಗ ಸಮೀಕರಣವಾಗಿ ಬರೆಯುತ್ತೇವೆ. ನಾನು ಎರಡು ಬೈಟಿನದನ್ನೂ ನಾಲ್ಕು ಬೈಟಿನದನ್ನೂ ಒಂದೇ ಎಂದುಕೊಂಡದ್ದು ನೆನಪಾಯಿತು.

ಕ್ರಮ ಕೊಟ್ಟು ಸುಮ್ಮನಾಗದೆ ಅದು ಏಕೆ ಸರಿ ಎಂದು ಚಿತ್ರ ಬರೆದು ತೋರಿಸಿದ್ದು ಅವರ ಇನ್ನೊಂದು ಹೆಚ್ಚುಗಾರಿಕೆ. 1 ವರ್ಗ ಮತ್ತು 10 ಬೇರು ಸೇರಿ 39 ಎಂಬುದು ಅವರ ಪ್ರಸಿದ್ಧ ಲೆಕ್ಕ. ಒಂದು ಚೌಕ ಬರೆಯಿರಿ. ಅದರ ಎರಡು ಬದಿಗೆ 5 ಅಗಲದ ಎರಡು ಪಟ್ಟಿ ಅಂಟಿಸಿ. ಈಗ ಒಟ್ಟು ವಿಸ್ತೀರ್ಣ 39. ಮೂಲೆಯಲ್ಲಿ ಒಂದು ಚೌಕದಷ್ಟು ಜಾಗ ಖಾಲಿ ಇದೆ, ಅದರ ಅಳತೆ 25. ಅದನ್ನು ತುಂಬಿದರೆ ದೊಡ್ಡ ಚೌಕ 64, ಅದರ ಬದಿ 8. ಪಟ್ಟಿಯ 5 ಕಳೆದರೆ ಬೇರು 3. ವರ್ಗ ಪೂರ್ಣಗೊಳಿಸುವ ವಿಧಾನ ಎಂದು ನಾವು ಪರೀಕ್ಷೆಗೆ ಓದಿದ್ದು ಈ ಚಿತ್ರವನ್ನೇ.

ಪುಸ್ತಕದ ಎರಡನೆಯ ಭಾಗ ನೆಲ ಮತ್ತು ವಸ್ತುಗಳ ಅಳತೆಗೆ, ಮೂರನೆಯ ಭಾಗ ಉಯಿಲು ಮತ್ತು ವಾರಸುದಾರಿಕೆಯ ಲೆಕ್ಕಕ್ಕೆ ಮೀಸಲು. ಅವರು ಗಣಿತ ಬರೆದದ್ದು ಯಾರಿಗಾಗಿ ಎಂಬುದು ಇಲ್ಲಿ ಗೊತ್ತಾಗುತ್ತದೆ. ಒಬ್ಬ ಹೆಣ್ಣುಮಗಳು ತೀರಿಕೊಂಡಿದ್ದಾಳೆ. ಗಂಡ, ಒಬ್ಬ ಮಗ, ಮೂವರು ಹೆಣ್ಣುಮಕ್ಕಳು ಇದ್ದಾರೆ. ಆಸ್ತಿಯ ಎಂಟನೇ ಒಂದು ಮತ್ತು ಏಳನೇ ಒಂದು ಭಾಗ ಹೊರಗಿನವರೊಬ್ಬರಿಗೆ ಸೇರಬೇಕೆಂದು ಉಯಿಲು ಬರೆದಿದ್ದಾಳೆ. ಅಲ್-ಖ್ವಾರಿಜ್ಮಿ ಅವರ ಕ್ರಮದಲ್ಲಿ ಇಡೀ ಆಸ್ತಿಯನ್ನು 1,120 ಪಾಲು ಮಾಡಿದರೆ ಎಲ್ಲೂ ಭಿನ್ನರಾಶಿ ಉಳಿಯುವುದಿಲ್ಲ. ಹೊರಗಿನವರಿಗೆ 300, ಗಂಡನಿಗೆ 205, ಮಗನಿಗೆ 246, ಹೆಣ್ಣುಮಕ್ಕಳಿಗೆ ತಲಾ 123. ಕೂಡಿ ನೋಡಿದರೆ ಸರಿಯಾಗಿ 1,120. ಇಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಗೇಮಿನ ಹಸುವಲ್ಲ, ಒಬ್ಬ ಮಗಳ ಹಕ್ಕು. ಪ್ರತಿ ಹೆಜ್ಜೆಯಲ್ಲೂ ಎರಡೂ ಕಡೆ ತೂಗಿ ನೋಡುವ ಅವರ ಹಟ ನನಗೆ ಈ ಉದಾಹರಣೆಯಿಂದ ಅರ್ಥವಾಯಿತು.

ವಾರಸುದಾರಿಕೆಯ ಮಾತು ಬಂದಾಗ ನಮ್ಮ ಬಸವಕಲ್ಯಾಣವನ್ನು ನೆನೆಯದೆ ಇರಲಾಗದು. ಸುಮಾರು ಮೂರು ಶತಮಾನಗಳ ನಂತರ ಇದೇ ಊರು ಕಲ್ಯಾಣ ಎಂಬ ಹೆಸರಿನಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದಾಗ ವಿಜ್ಞಾನೇಶ್ವರ ಇಲ್ಲಿ ಮಿತಾಕ್ಷರವನ್ನು ಬರೆದರು. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಒಂದಕ್ಕೊಂದು ಹೊಂದದಂತೆ ಕಾಣುವ ಹಳೆಯ ವಚನಗಳನ್ನು ಅಳಿಸದೆ, ಅವು ಎಲ್ಲಿ ಹೇಗೆ ಅನ್ವಯಿಸುತ್ತವೆ ಎಂದು ಒಂದು ವ್ಯವಸ್ಥೆಗೆ ತಂದರು. ಹಿಂದೂ ಆಸ್ತಿ ಹಂಚಿಕೆಯಲ್ಲಿ ಭಾರತದ ಬಹುಭಾಗ ಶತಮಾನಗಳ ಕಾಲ ಅದನ್ನೇ ಅನುಸರಿಸಿತು. ಬಾಗ್ದಾದಿನಲ್ಲೂ ಕಲ್ಯಾಣದಲ್ಲೂ ಪಂಡಿತರನ್ನು ಕಾಡಿದ್ದು ಪಾಲು ಹಂಚುವ ಇದೇ ಪ್ರಶ್ನೆ.

ನಮ್ಮ ದೇಶಕ್ಕೂ ಅಲ್-ಖ್ವಾರಿಜ್ಮಿ ಅವರಿಗೂ ಇನ್ನೂ ನೇರವಾದ ನಂಟಿದೆ. ಅಲ್-ಮನ್ಸೂರ್ ಕಾಲದಲ್ಲಿ ಬಾಗ್ದಾದಿಗೆ ಹೋದ ಭಾರತದ ಖಗೋಳ ಗಣಿತವು ಬ್ರಹ್ಮಗುಪ್ತರ ಪರಂಪರೆಗೆ ಸೇರಿದ್ದು. ಅರಬ್ಬಿಯಲ್ಲಿ ಅದಕ್ಕೆ ಸಿಂದ್‌ಹಿಂದ್ ಎಂದು ಹೆಸರು. ಅದನ್ನು ಆಧರಿಸಿ ಅವರು ಸೂರ್ಯ, ಚಂದ್ರ, ಗ್ರಹಗಳ ಚಲನೆಯ ಕೋಷ್ಟಕಗಳನ್ನು ರಚಿಸಿದರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಕಲಿಸುವ ಪುಸ್ತಕವನ್ನೂ ಬರೆದರು. ಒಂಬತ್ತು ಅಂಕಿ ಮತ್ತು ಖಾಲಿ ಸ್ಥಾನಕ್ಕೆ ಒಂದು ಸಣ್ಣ ವೃತ್ತ, ಅಂದರೆ ಸೊನ್ನೆ, ಇದ್ದರೆ ಎಷ್ಟೇ ದೊಡ್ಡ ಸಂಖ್ಯೆಯನ್ನೂ ಬರೆಯಬಹುದು, ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದ ಗೊತ್ತಾಗುತ್ತದೆ ಎಂದು ವಿವರಿಸಿದರು. ಈ ವಿದ್ಯೆ ಭಾರತದವರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮನ ಫೈಲಿನಲ್ಲಿ 39 ಎಂಬ ಬೈಟು ಎರಡನೆಯ ಸ್ಥಾನದಲ್ಲಿ ನಿಂತು 256 ಪಟ್ಟು ಬೆಲೆ ಪಡೆದದ್ದು ಇದೇ ಸ್ಥಾನಬೆಲೆಯ ನಿಯಮದಿಂದ.

833ರ ಹೊತ್ತಿಗೆ ಅವರು ಭೂಮಿಯ ರೂಪದ ಕುರಿತ ಪುಸ್ತಕ ಮುಗಿಸಿದರು. ಅದರಲ್ಲಿ ಪಟ್ಟಣ, ಬೆಟ್ಟ, ನದಿ, ದ್ವೀಪ ಮುಂತಾದ 2,402 ಸ್ಥಳಗಳ ಅಕ್ಷಾಂಶ ರೇಖಾಂಶಗಳಿವೆ. ಗ್ರೀಕ್ ವಿದ್ವಾಂಸ ಟಾಲೆಮಿಯ ಗ್ರಂಥ ಅದಕ್ಕೆ ಆಧಾರ. ಆದರೆ ಟಾಲೆಮಿ ಮೆಡಿಟರೇನಿಯನ್ ಸಮುದ್ರದ ಉದ್ದವನ್ನು ಸುಮಾರು 63 ಡಿಗ್ರಿ ಎಂದು ಹೆಚ್ಚಾಗಿ ಬರೆದಿದ್ದ ಕಡೆ ಅಲ್-ಖ್ವಾರಿಜ್ಮಿ ಅವರು ಅದನ್ನು ಸುಮಾರು 50 ಡಿಗ್ರಿಗೆ ಇಳಿಸಿದರು. ಇಲ್ಲಿ ಅವರು ಬೆಲೆಯನ್ನೇ ಬದಲಿಸಿದರು, ಏಕೆಂದರೆ ಹಳೆಯ ಬೆಲೆ ತಪ್ಪಾಗಿತ್ತು. ರೂಪ ತಿದ್ದುವ ಕೆಲಸ ಬೇರೆ, ತಪ್ಪು ತಿದ್ದುವ ಕೆಲಸ ಬೇರೆ. ಆ ಸಂಜೆ ನಾನು ಎರಡನ್ನೂ ಕಲಸಿಬಿಟ್ಟಿದ್ದೆ. ಅಂದವಾಗಿ ಜೋಡಿಸುತ್ತಿದ್ದೇನೆ ಎಂದುಕೊಂಡು, ಗೊತ್ತಿಲ್ಲದೆ ಬೆಲೆ ಬದಲಿಸಿದ್ದೆ.

ಇವಲ್ಲದೆ ಯಹೂದಿಗಳ ಪಂಚಾಂಗದ ಲೆಕ್ಕದ ಮೇಲೆ ಒಂದು ಕಿರುಗ್ರಂಥ, ಆಸ್ಟ್ರೋಲೇಬ್ ಎಂಬ ಖಗೋಳ ಉಪಕರಣದ ಮೇಲೆ ಬರಹಗಳು ಅವರಿಂದ ಬಂದವು. ಸುಮಾರು 850ರಲ್ಲಿ ಅವರು ನಿಧನರಾದರು.

ಅವರ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಸುಮಾರು 1000ದ ಹೊತ್ತಿಗೆ ಸ್ಪೇನಿನ ಕಾರ್ಡೋಬಾದಲ್ಲಿ ಮಸ್ಲಮ ಅಲ್-ಮಜ್ರೀತಿ ಅವರು ಖಗೋಳ ಕೋಷ್ಟಕಗಳನ್ನು ತಮ್ಮ ಊರಿನ ರೇಖಾಂಶಕ್ಕೂ ಹಿಜ್ರಿ ವರ್ಷಕ್ಕೂ ಹೊಂದಿಸಿ ಮತ್ತೆ ಬರೆದರು. ಆ ರೂಪವನ್ನು ಇಂಗ್ಲೆಂಡಿನ ಅಡೆಲಾರ್ಡ್ 1126ರಲ್ಲಿ ಲ್ಯಾಟಿನ್‌ಗೆ ತಂದ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಆಳ್ವಿಕೆ ಮುಗಿದದ್ದೂ ಅದೇ 1126ರಲ್ಲಿ. 1145ರಲ್ಲಿ ಚೆಸ್ಟರಿನ ರಾಬರ್ಟ್ ಬೀಜಗಣಿತದ ಪುಸ್ತಕವನ್ನು ಲ್ಯಾಟಿನ್‌ಗೆ ಅನುವಾದಿಸಿದ. ಅಂಕಿಗಳ ಪುಸ್ತಕದ ಅರಬ್ಬಿ ಮೂಲ ಕಳೆದುಹೋಗಿದೆ, ಲ್ಯಾಟಿನ್ ರೂಪ ಮಾತ್ರ ಉಳಿದಿದೆ. ಲ್ಯಾಟಿನ್ ಬಾಯಲ್ಲಿ ಅಲ್-ಖ್ವಾರಿಜ್ಮಿ ಎಂಬುದು ಅಲ್ಗೊರಿಸ್ಮಿ ಆಯಿತು. ಮೊದಲು ಅದು ಹೊಸ ಅಂಕಿಗಳಿಂದ ಮಾಡುವ ಲೆಕ್ಕಕ್ಕೆ ಹೆಸರಾಯಿತು, ಕ್ರಮೇಣ ಹಂತ ಹಂತವಾಗಿ ಲೆಕ್ಕ ಬಿಡಿಸುವ ಯಾವುದೇ ವಿಧಾನಕ್ಕೆ ಅಲ್ಗಾರಿದಮ್ ಎಂಬ ಮಾತಾಯಿತು. ಅಲ್ಗಾರಿದಮ್ ಬರೆಯಿರಿ ಎಂಬ ಪ್ರಶ್ನೆ ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಬಂದಾಗಲೆಲ್ಲ ನಾವು ಅವರ ಹೆಸರನ್ನೇ ಬರೆಯುತ್ತಿದ್ದೇವೆ. ಸೋವಿಯತ್ ಒಕ್ಕೂಟ 1983ರಲ್ಲಿ ಅವರ 1,200ನೇ ಜನ್ಮವರ್ಷದ ನೆನಪಿಗೆ ಅಂಚೆಚೀಟಿ ಹೊರತಂದಿತು. ಚಂದ್ರನ ಆಚೆ ಬದಿಯ ಒಂದು ಕುಳಿಗೂ ಅವರ ಹೆಸರಿದೆ.

ಇಷ್ಟು ಓದಿದ ಮೇಲೆ ನಾನು ಎಡಿಟರನ್ನು ಮತ್ತೆ ಮೊದಲಿನಿಂದ ಶುಚಿ ಮಾಡಿದೆ. ಈ ಸಲ ಹಳೆಯ ಪ್ರೋಗ್ರಾಂ ಅಳಿಸಲಿಲ್ಲ, ತಕ್ಕಡಿಯ ಒಂದು ತಟ್ಟೆಯಲ್ಲಿ ಅದನ್ನು ಇಟ್ಟುಕೊಂಡೆ. ಯಾವ ಅಂಶ ಫೈಲಿನಲ್ಲಿ ಎಲ್ಲಿದೆ, ಎಷ್ಟು ಬೈಟು ಉದ್ದ ಎಂದು ಮೊದಲು ಒಂದು ಕೋಷ್ಟಕ ಮಾಡಿದೆ. ಫಂಕ್ಷನ್ ಒಂದೇ, ಆದರೆ ಎಷ್ಟು ಬೈಟು ಎಂಬುದನ್ನು ಅದು ಕೋಷ್ಟಕದಿಂದ ಕೇಳಿ ತಿಳಿಯುತ್ತದೆ. ಒಂದು ಬದಲಾವಣೆ ಮಾಡಿದ ಕೂಡಲೇ ಎರಡು ಪರೀಕ್ಷೆ. ಫೈಲನ್ನು ತೆರೆದು ಏನೂ ಮುಟ್ಟದೆ ಬೇರೆ ಹೆಸರಿನಲ್ಲಿ ಬರೆದರೆ ಮೂಲ ಫೈಲಿನಂತೆಯೇ ಬೈಟಿಗೆ ಬೈಟು ಬರಬೇಕು. ಒಂದೇ ತಿದ್ದುಪಡಿಯನ್ನು ಹಳೆಯ, ಹೊಸ ಎರಡೂ ಪ್ರೋಗ್ರಾಂಗಳಿಗೆ ಕೊಟ್ಟರೆ ಎರಡೂ ಫೈಲು ಒಂದೇ ಆಗಿರಬೇಕು. ಒಂದು ಬೈಟು ವ್ಯತ್ಯಾಸ ಬಂದರೂ ಹಿಂದಕ್ಕೆ ಹೋಗಿ ನೋಡುವುದು. ಹೀಗೆ 400 ಸಾಲಿನ ಕೋಡ್ 130ಕ್ಕೆ ಇಳಿಯಲು ನಾಲ್ಕು ಭಾನುವಾರ ಹಿಡಿಯಿತು.

ಕೋಷ್ಟಕ ಮಾಡಿದ್ದರಿಂದ ಸೊನ್ನೆಯಾದ ಆ ಎರಡು ಬೈಟು ಯಾವುವು ಎಂದು ಗೊತ್ತಾಯಿತು. ತಮ್ಮನಿಗೆ ನೆನಪಿತ್ತು, ಬಾವಿ ಮೂರನೇ ಮಟ್ಟದ್ದು, ಕೊಟ್ಟಿಗೆ ಎರಡನೇ ಮಟ್ಟದ್ದು. ಫೈಲಿನ ನಕಲಿನ ಮೇಲೆ 3 ಮತ್ತು 2 ಬರೆದೆವು. ಬಾವಿ ಬಂತು, ಕೊಟ್ಟಿಗೆ ಬಂತು. ಹೆಸರಿಟ್ಟ ಆರು ಹಸುಗಳು ಬರಲಿಲ್ಲ, ಅವುಗಳ ಬೈಟುಗಳನ್ನು ಗೇಮ್ ಆಗಲೇ ಅಳಿಸಿತ್ತು. ಅವನು ಹೊಸದಾಗಿ ಎರಡು ಹಸು ಕೊಂಡ, ಇನ್ನೂ ಹೆಸರಿಟ್ಟಿಲ್ಲ.

ಈಗ ಅವನ ಕೈ ಪೂರ್ತಿ ಕೂಡಿದೆ. ನಾನು ಎಡಿಟರ್ ತೆರೆಯುವಾಗೆಲ್ಲ ಆಪಾ, ನಕಲು ಇಟ್ಟೆಯಾ ಎಂದು ಕೇಳುತ್ತಾನೆ. ಪೆನ್‌ಡ್ರೈವ್ ತೋರಿಸಿದ ಮೇಲೂ ಎರಡು ಫೈಲು ತಾಳೆಯಾಗುವುದನ್ನು ತಾನೇ ಕಣ್ಣಾರೆ ನೋಡಿ ಆಮೇಲೆ ಎದ್ದು ಜಾಗ ಬಿಡುತ್ತಾನೆ. ಸ್ನೇಹಿತರೇ, ಈ ವರ್ಷದ ಪ್ರಾಜೆಕ್ಟ್ ಕೋಡನ್ನು ನೀವೂ ಚೊಕ್ಕ ಮಾಡಲು ಕುಳಿತರೆ, ಅದರಲ್ಲಿ ಏನು ಬದಲಾಗಬಾರದು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ